ಲಾರ್ಡ್ ಸಾಹೇಬರು ಕಾಣದ ಜರ್ಸಿ

ಅಮೆರಿಕಕ್ಕೆ ಹೋದವರೆಲ್ಲ ನಯಾಗರ ನೋಡಿ ಬರುತ್ತಾರೆ. ನಾನು ನೋಡಲಿಲ್ಲ. ನಾನು ಹೋದದ್ದು ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಇಂಗ್ಲಿಷ್ ಲಾರ್ಡ್‌ಗೆ ಉಡುಗೊರೆಯಾಗಿ ಸಿಕ್ಕಿ, ಆತ ಒಂದು ಸಲವೂ ಕಣ್ಣಲ್ಲಿ ಕಾಣದೆ ಮಾರಿಬಿಟ್ಟ ನೆಲವನ್ನು ನೋಡಲಿಕ್ಕೆ. ಮೈಸೂರಿನಲ್ಲಿ ಈ ಕಾರಣ ಹೇಳಿದಾಗ ನನ್ನ ತಂಗಿ, "ಅಲ್ಲ ಕಣೇ ಅಕ್ಕ, ಅವನಿಗೇ ಬೇಡವಾಗಿದ್ದು ನಿನಗ್ಯಾಕೆ?" ಅಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು.

ನಾನು ಮೈಸೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತಳಾದವಳು. ಸ್ಟುವರ್ಟ್ ದೊರೆಗಳ ಕಾಲದ ಇಂಗ್ಲೆಂಡ್ ನನ್ನ ಪಾಠ. ಅದನ್ನು ಬೇರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ನನ್ನದಾಯಿತು. ಆ ಲಾರ್ಡ್‌ನ ಪೂರ್ತಿ ಹೆಸರು ಬರೆದರೆ ಒಂದು ಸಾಲು ತುಂಬುತ್ತದೆ. ಕ್ಲಾಸಿನಲ್ಲಿ ನಾವು ಲಾರ್ಡ್ ಸಾಹೇಬರು ಅನ್ನುತ್ತಿದ್ದೆವು, ಇಲ್ಲೂ ಅಷ್ಟೇ ಸಾಕು.

ನ್ಯೂಆರ್ಕ್

ವಿಮಾನ ನಿಲ್ದಾಣದ ಅಧಿಕಾರಿ ಬಂದ ಉದ್ದೇಶ ಕೇಳಿದ. ಇತಿಹಾಸ ಅಂದೆ. ಎಲ್ಲಿಯದು ಅಂದ. ನ್ಯೂಜರ್ಸಿಯದು ಅಂದೆ. ಆತ ಪಾಸ್‌ಪೋರ್ಟಿನಿಂದ ಕಣ್ಣೆತ್ತಿ, ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದ್ದವನನ್ನು ಕರೆದು ನನ್ನನ್ನು ತೋರಿಸಿದ. ಇಬ್ಬರೂ ನ್ಯೂಜರ್ಸಿಯಲ್ಲೇ ಹುಟ್ಟಿ ಬೆಳೆದವರಂತೆ. ತಮ್ಮ ಊರಿಗೆ ಇತಿಹಾಸವಿದೆ ಎಂದು ಗೊತ್ತಾದ ಖುಷಿಯಲ್ಲಿ ಮುದ್ರೆ ಒತ್ತಿ ಕಳಿಸಿದರು.

ಕರೆದೊಯ್ಯಲು ರಫೀಕ್ ಬಂದಿದ್ದ. ರಫೀಕ್ ನನ್ನ ಹಳೆಯ ವಿದ್ಯಾರ್ಥಿನಿ ಫರ್ಹಾನಾಳ ಗಂಡ. ಫರ್ಹಾನಾ ಮಂಡಿ ಮೊಹಲ್ಲಾದ ಹುಡುಗಿ. ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತು, ನಾನು ಹೇಳಿದ್ದಕ್ಕೆಲ್ಲ "ಯಾಕೆ ಮೇಡಂ?" ಅನ್ನುತ್ತಿದ್ದವಳು. ಹೋದ ವರ್ಷ ಮೈಸೂರಿಗೆ ಬಂದಾಗ ಮನೆಗೆ ಬಂದು, "ಲಾರ್ಡ್ ಸಾಹೇಬರ ಜಮೀನಲ್ಲೇ ನಮ್ಮನೆ ಇರೋದು ಮೇಡಂ, ಬರ್ಲೇಬೇಕು" ಎಂದು ಕೈಹಿಡಿದು ಕರೆದಿದ್ದಳು. ಆಗ ಬ್ಯಾಂಕುಗಳೆಲ್ಲ ನೆಟ್ಟಗಿದ್ದವು.

ನಾನು ಹೋದದ್ದು ೨೦೦೯ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿಕೊಂಡಿದ್ದವು. ಇದು ಪೇಪರಿನಲ್ಲಿ ಬಂದಿತ್ತು, ಓದಿದ್ದೆ. ಅದಕ್ಕೂ ರಫೀಕ್ ದಾರಿಯುದ್ದಕ್ಕೂ ಮಾತಾಡದೆ ಡ್ರೈವ್ ಮಾಡುತ್ತಿದ್ದುದಕ್ಕೂ ಸಂಬಂಧವಿರಬಹುದೆಂದು ಹೊಳೆಯಲಿಲ್ಲ. ಅವನ ಮೌನ ತುಂಬಿಸಲು ನಾನೇ ಲಾರ್ಡ್ ಸಾಹೇಬರ ಬಾಲ್ಯದಿಂದ ಶುರುಮಾಡಿದೆ. "ಇಂಟರೆಸ್ಟಿಂಗ್ ಆಂಟಿ" ಅಂದ. ಮೂರು ಸಲ ಅಂದ.

ಸಮರ್‌ಸೆಟ್, ಮೊದಲ ಬೆಳಿಗ್ಗೆ

ಮನೆ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅಲ್ಲಿ ಯಾರೂ ವಾಸವಾಗಿರುವಂತೆ ಕಾಣುತ್ತಿರಲಿಲ್ಲ. ಗೋಡೆಯ ಮೇಲೆ ಒಂದು ಫೋಟೊ ಇಲ್ಲ, ಬಾಗಿಲ ಹೊರಗೆ ಒಂದು ಚಪ್ಪಲಿ ಇಲ್ಲ. ಬಚ್ಚಲಲ್ಲಿ ಬಿಳಿ ಟವೆಲ್‌ಗಳಿಗೆ ರಿಬ್ಬನ್ ಕಟ್ಟಿತ್ತು, ಬಿಚ್ಚಲು ಧೈರ್ಯವಾಗದೆ ನನ್ನ ಸೀರೆಯಲ್ಲೇ ಮುಖ ಒರೆಸಿಕೊಂಡೆ. ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಬಟ್ಟಲಲ್ಲಿ ಹಸಿರು ಸೇಬುಗಳಿದ್ದವು. ಹಸಿವಾಗಿತ್ತು, ಒಂದು ತಿಂದೆ.

ಫರ್ಹಾನಾ ಕೆಳಗೆ ಬಂದವಳು ಬಟ್ಟಲು ನೋಡಿ ನಿಂತಳು.

"ಮೇಡಂ, ತಿಂದ್ಬಿಟ್ರಾ?"

"ತಿನ್ನೋಕಲ್ವೇನೇ ಸೇಬು?"

"ಅದು ಸ್ಟೇಜಿಂಗ್‌ಗೆ ಮೇಡಂ, ಮನೆ ಕೊಳ್ಳೋಕೆ ಬರೋರ ಕಣ್ಣಿಗೆ ಚೆಂದ ಕಾಣ್ಲಿ ಅಂತ," ಅಂದವಳು ಕುರ್ಚಿ ಎಳೆದು ಕೂತು ಎಲ್ಲ ಹೇಳಿದಳು. ರಫೀಕ್‌ನ ಕಂಪನಿ ಫೆಬ್ರವರಿಯಲ್ಲಿ ಇಲ್ಲಿಯ ಆಫೀಸು ಮುಚ್ಚಿತ್ತು. ಹುಡುಕಿ ಹುಡುಕಿ ಈಗ ಒಹಾಯೊದಲ್ಲಿ ಒಂದು ಕೆಲಸ ಸಿಕ್ಕಿದೆ, ಜೂನ್ ಮೊದಲ ವಾರ ಸೇರಬೇಕು. ಅಷ್ಟರೊಳಗೆ ಮನೆ ಮಾರಿ ಹೋಗಬೇಕು. ಹೋಗದಿದ್ದರೆ ಎರಡು ಊರಿನ ಸಂಸಾರ ತೂಗಿಸಲು ಆಗುವುದಿಲ್ಲ, ಸಾಲದ ಕಂತು ತಪ್ಪಿ ಬ್ಯಾಂಕಿನವರೇ ಮನೆ ಎತ್ತಿಕೊಳ್ಳುತ್ತಾರೆ. ಈ ಬೀದಿಯಲ್ಲೇ ಆಗಲೇ ಹಾಗೆ ಆಗಿತ್ತು. ಮಾರಿಕೊಡುವ ಏಜೆಂಟ್ ಡೆಬ್ಬಿ ಎಂಬಾಕೆ, ಕೊಳ್ಳುವವರಿಗೆ ಇದು ತಮ್ಮ ಮನೆ ಅನ್ನಿಸಬೇಕು, ಆದ್ದರಿಂದ ನಿಮ್ಮ ಮನೆಯೆಂದು ಎಲ್ಲೂ ಗೊತ್ತಾಗಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಹನ್ನೆರಡು ವರ್ಷದ ಮಗಳು ಝೋಯಾ, ಹಾಸಿಗೆಯ ಸುಕ್ಕಿಲ್ಲದ ಹೊದಿಕೆ ಕೆಡದಿರಲೆಂದು ನೆಲದ ಮೇಲೆ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುತ್ತಿದ್ದಳು. ಕೇಳಿದ್ದಕ್ಕೆ "ಇಟ್ಸ್ ಫೈನ್, ಆಂಟಿ" ಅಂದಳು.

"ನನಗೆ ಬರಬೇಡಿ ಅಂತ ಒಂದು ಫೋನ್ ಮಾಡೋದಲ್ವೇ?" ಅಂದೆ.

"ಕರೆದು ಬೇಡ ಅನ್ನೋಕಾಗತ್ತಾ ಮೇಡಂ?"

ಆಗುವುದಿಲ್ಲ. ಅದು ನನಗೂ ಗೊತ್ತು. ಬಟ್ಟಲಲ್ಲಿ ಉಳಿದ ಸೇಬುಗಳನ್ನು ಖಾಲಿ ಜಾಗ ಕಾಣದಂತೆ ಸರಿಸಿಟ್ಟೆ.

ಗ್ಯಾರೇಜು

ಮನೆಯೊಳಗೆ ಒಗ್ಗರಣೆ ನಿಷಿದ್ಧ. ಮಸಾಲೆಯ ವಾಸನೆ ಕರ್ಟನ್ನಿಗೆ ಹಿಡಿದರೆ ಕೊಳ್ಳುವವರು ಮೂಗು ಮುಚ್ಚಿಕೊಂಡು ಓಡುತ್ತಾರಂತೆ. ಆದ್ದರಿಂದ ಫರ್ಹಾನಾ ಗ್ಯಾರೇಜಿನಲ್ಲಿ ಕರೆಂಟ್ ಒಲೆ ಇಟ್ಟು, ಶಟರನ್ನು ಮೊಣಕಾಲೆತ್ತರ ಎತ್ತಿ, ಕಾರಿನ ಪಕ್ಕ ಅಡುಗೆ ಮಾಡುತ್ತಿದ್ದಳು. ಊಟವೂ ಅಲ್ಲೇ, ಮಡಚುವ ಕುರ್ಚಿಗಳ ಮೇಲೆ, ಎಲ್ಲರೂ ಜಾಕೆಟ್ ಹಾಕಿಕೊಂಡು. ಅಮೆರಿಕದಲ್ಲಿ ನಾನು ಉಂಡ ಒಳ್ಳೆಯ ಊಟಗಳೆಲ್ಲ ಟೈರಿನ ಸಮ್ಮುಖದಲ್ಲೇ ಆದವು. ಬೇಳೆ ಹುಳಿಗೆ ಪೆಟ್ರೋಲಿನ ವಾಸನೆ ಅಂಥಾ ಕೆಟ್ಟ ಜೊತೆಯೇನಲ್ಲ.

ಉಣ್ಣುತ್ತ ನಾನು ಲಾರ್ಡ್ ಸಾಹೇಬರ ಕಥೆ ಮುಂದುವರಿಸುತ್ತಿದ್ದೆ. ಬೇರೆ ಮಾತೆಲ್ಲ ಮನೆಯ ಕಡೆಗೇ ತಿರುಗುತ್ತಿತ್ತು, ಇದೊಂದೇ ತಿರುಗುವುದಿಲ್ಲ ಅಂದುಕೊಂಡಿದ್ದೆ. ಸಾಹೇಬರು ಹಿರಿಯ ಮನೆತನದ ಕಿರಿಯ ಮಗ, ಅಂದರೆ ಹೆಸರಿತ್ತು, ಆಸ್ತಿ ಇರಲಿಲ್ಲ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ರಾಜನ ಕಡೆ ನಿಂತರು. ರಾಜ ಸೋತ, ತಲೆಯೂ ಹೋಯಿತು. ಆ ಹೊತ್ತಿಗೆ ಸಾಹೇಬರು ರಾಜಕುಮಾರರ ಜೊತೆ ಸಮುದ್ರ ದಾಟಿ ಫ್ರಾನ್ಸ್ ಸೇರಿದ್ದರು. ಅಲ್ಲಿ ಹತ್ತಾರು ವರ್ಷ ಇಸ್ಪೀಟಾಡುತ್ತ, ಕಿರಿಯ ರಾಜಕುಮಾರನಿಗೆ ಬೇಕೆಂದೇ ಸೋಲುತ್ತ ಕಾಲ ಹಾಕಿದರು. ಹಿರಿಯ ರಾಜಕುಮಾರನಿಗೆ ಮತ್ತೆ ರಾಜ್ಯ ಬಂದಾಗ ಆ ಸೋಲುಗಳಿಗೆಲ್ಲ ಫಲ ಸಿಕ್ಕಿತು. ಪದವಿ ಬಂತು, ಮಂತ್ರಾಲೋಚನೆಯ ಸಭೆಯಲ್ಲಿ ಕುರ್ಚಿ ಬಂತು. ಇಸ್ಪೀಟಿನಲ್ಲಿ ಗೆದ್ದಿದ್ದ ಕಿರಿಯವನು, ಈಗ ರಾಜನ ತಮ್ಮ, ಅಟ್ಲಾಂಟಿಕ್‌ನ ಆಚೆಗಿದ್ದ ಒಂದು ಸೀಮೆಯನ್ನು ಸಾಹೇಬರಿಗೂ ಇನ್ನೊಬ್ಬ ಗೆಳೆಯನಿಗೂ ಸೇರಿ ಬರೆದುಕೊಟ್ಟ.

"ಅದು ಅವನದಾಗಿತ್ತಾ ಕೊಡೋಕೆ?" ರಫೀಕ್ ಕೇಳಿದ.

"ಇಲ್ಲ. ಡಚ್ಚರು ಅದು ತಮ್ಮದು ಅಂತಿದ್ದರು. ಅದಕ್ಕೂ ಮುಂಚಿನಿಂದ ಅಲ್ಲಿದ್ದ ಬುಡಕಟ್ಟಿನವರನ್ನ ಯಾರೂ ಕೇಳಲೇ ಇಲ್ಲ."

"ಮತ್ತೆ ಇಬ್ಬರಲ್ಲಿ ಯಾರಿಗೆ ಯಾವ ಭಾಗ?"

"ಪಾಲು ಮಾಡಿರಲಿಲ್ಲ. ಅವಿಭಕ್ತ ಕುಟುಂಬ ಇದ್ದಂಗೆ. ಈ ಗ್ಯಾರೇಜಿನ ಅರ್ಧವೂ ಸಾಹೇಬರದ್ದೇ."

ರಫೀಕ್ ಸುತ್ತ ನೋಡಿ, "ಹಂಗಾದ್ರೆ ಮಾರ್ಟ್‌ಗೇಜ್‌ನೂ ಅರ್ಧ ಕಟ್ಬೇಕಿತ್ತು ಅವರು," ಅಂದ. ನಾನು ಬಂದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಫರ್ಹಾನಾ ನಗಲಿಲ್ಲ, ಅನ್ನ ಬಡಿಸಿದಳು.

ಮ್ಯಾನ್‌ಹಟನ್

ಒಂದು ದಿನ ರೈಲಿನಲ್ಲಿ ನ್ಯೂಯಾರ್ಕಿಗೆ ಹೋದೆ. ರೈಲಿನಲ್ಲಿ ಯಾರೂ ಯಾರನ್ನೂ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳುವುದಿಲ್ಲ. ಮೈಸೂರು-ಬೆಂಗಳೂರು ಪ್ಯಾಸೆಂಜರ್‌ನಲ್ಲಿ ರಾಮನಗರ ದಾಟುವ ಹೊತ್ತಿಗೆ ಎದುರಿನವರ ಮಗಳ ಜಾತಕ ನಮ್ಮ ಕೈಲಿರುತ್ತದೆ. ಇಲ್ಲಿ ಮುಕ್ಕಾಲು ಗಂಟೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ ಹೆಂಗಸು ಇಳಿಯುವಾಗ ನನ್ನ ಕಡೆ ನೋಡಲೂ ಇಲ್ಲ. ಮೊಣಕಾಲುಗಳು ಮಾತ್ರ ಪರಿಚಯವಾದವು.

ದ್ವೀಪದ ದಕ್ಷಿಣ ತುದಿಗೆ ನಡೆದೆ. ಅಲ್ಲಿಂದ ನೀರಿನಾಚೆ ಜರ್ಸಿಯ ದಂಡೆ ಕಾಣುತ್ತದೆ. ಸಾಹೇಬರು ಇಷ್ಟು ದೂರವಾದರೂ ಬಂದಿದ್ದರೆ ಏನು ಕಾಣುತ್ತಿತ್ತೆಂದು ನೋಡುವ ಆಸೆ ನನಗೆ. ಬೆಂಚಿನ ಮೇಲೆ ಒಳ್ಳೆಯ ಸೂಟು ಹಾಕಿದ ಒಬ್ಬ ಮಧ್ಯವಯಸ್ಸಿನವನು ಬೆಳಗಿನ ಹತ್ತು ಗಂಟೆಗೇ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಏನು ಹುಡುಕುತ್ತಿದ್ದೀರಿ ಎಂದು ಅವನೇ ಕೇಳಿದ. ಈ ದೇಶದಲ್ಲಿ ಕೆಲಸ ಕಳೆದುಕೊಂಡವರು ಮಾತ್ರ ಅಪರಿಚಿತರನ್ನು ಮಾತಾಡಿಸುತ್ತಾರೆಂದು ಆಮೇಲೆ ತಿಳಿಯಿತು.

ಸಾಹೇಬರ ವಿಷಯ ಹೇಳಿದೆ. ಆತ ಗಮನವಿಟ್ಟು ಕೇಳಿ, ತಾನೂ ಆಚೆ ದಂಡೆಗೆ ಒಮ್ಮೆಯೂ ಹೋಗಿಲ್ಲ ಅಂದ. ಆದರೆ ಅಲ್ಲಿಯ ಮನೆಗಳ ಸಾಲಗಳನ್ನು ಕಟ್ಟುಕಟ್ಟಾಗಿ ಹೊಲಿದು ದೇಶಾಂತರಕ್ಕೆ ಮಾರುವುದೇ ಅವನ ಕೆಲಸವಾಗಿತ್ತಂತೆ. ಒಂದು ಮನೆಯನ್ನೂ ನೋಡಲಿಲ್ಲವೇ ಅಂದೆ. ನೋಡುವ ಪದ್ಧತಿ ಇರಲಿಲ್ಲ ಅಂದ. ಬಹಳ ಮರ್ಯಾದಸ್ಥ. ಅರ್ಧ ಸ್ಯಾಂಡ್‌ವಿಚ್ ಕೊಡಲು ಬಂದ, ಒಳಗೆ ಏನಿದೆಯೋ ಎಂದು ಬೇಡ ಅಂದೆ. ಹಿಂತಿರುಗುವಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಕುಂಟುತ್ತಿದ್ದೆ.

ಪರ್ತ್ ಆಂಬಾಯ್

ಕೊಲ್ಲಿಯ ದಂಡೆಯ ಈ ಹಳೆಯ ಊರು ಒಂದು ಕಾಲಕ್ಕೆ ಜರ್ಸಿಯ ರಾಜಧಾನಿ. ಸಾಹೇಬರು ಬಂದಿದ್ದರೆ ಇಲ್ಲೇ ಹಡಗಿಳಿಯಬೇಕಿತ್ತು. ಕೆಲಸವಿಲ್ಲದ ರಫೀಕ್ ಕರೆದುಕೊಂಡು ಹೋದ. ಗಾಳಿ ಬೀಸುತ್ತಿತ್ತು, ನನ್ನ ಸೆರಗು ಹಿಡಿಯುವುದೇ ಒಂದು ಕೆಲಸವಾಯಿತು. ನೋಡುವಂಥದ್ದು ಬಹಳ ಇರಲಿಲ್ಲ. ನೀರು, ಮೀನು ಹಿಡಿಯುವ ಇಬ್ಬರು, ಅವರಿಗೆ ಸಿಗದ ಮೀನು.

"ಅವರು ಯಾಕೆ ಬರಲೇ ಇಲ್ಲ ಆಂಟಿ?"

"ಪುರುಸೊತ್ತಿರಲಿಲ್ಲ. ಐರ್ಲೆಂಡ್ ಆಳೋಕೆ ಹೋದರು. ಅಲ್ಲಿ ಹುದ್ದೆಗಳನ್ನ ಮಾರಿಕೊಂಡರು ಅಂತ ಆಪಾದನೆ ಬಂತು. ವಾಪಸು ಕರೆಸಿ ಸ್ವಲ್ಪ ದಿನ ಸೆರೆಮನೆಯಲ್ಲಿಟ್ಟರು. ಬಿಟ್ಟಮೇಲೆ ಇನ್ನೂ ದೊಡ್ಡ ಹುದ್ದೆ ಕೊಟ್ಟರು."

"ನಾನೂ ಹಂಗೇನಾದ್ರೂ ಟ್ರೈ ಮಾಡ್ಬೇಕು," ಅಂದ ರಫೀಕ್.

ಕೊನೆಗೊಂದು ದಿನ ಸಾಹೇಬರು ಲಂಡನ್ನಿನಲ್ಲಿ ಕೂತು, ಜರ್ಸಿಯ ತಮ್ಮ ಅರ್ಧವನ್ನು ಇಬ್ಬರು ವ್ಯಾಪಾರಸ್ಥರಿಗೆ ಬರೆದುಕೊಟ್ಟರು. ಕೊಂಡವರಿಬ್ಬರೂ ಆಮೇಲೆ ಹೊಡೆದಾಡಿಕೊಂಡರು. ಸಾಹೇಬರು ಕೊನೆಯವರೆಗೂ ಮಂತ್ರಾಲೋಚನೆಗೆ ಹೋಗುತ್ತ, ನಿದ್ದೆ ಮಾಡುತ್ತ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಇದನ್ನು ಹೇಳಿ ಮುಗಿಸುವಾಗ ರಫೀಕ್‌ಗೆ ಫೋನು ಬಂತು. ಡೆಬ್ಬಿ. ಭಾನುವಾರ ಮನೆಯನ್ನು ಎಲ್ಲರಿಗೂ ಬಂದು ನೋಡಲು ತೆರೆದಿಡುತ್ತಾಳಂತೆ, ಮನೆಯವರ್ಯಾರೂ ಅಲ್ಲಿರಬಾರದು.

ಭಾನುವಾರ

ಮನೆಯ ಮೂವರೂ ಪಕ್ಕದೂರು ಎಡಿಸನ್‌ಗೆ ಸಾಮಾನು ತರಲು ಹೊರಟರು. ನನ್ನ ಹಿಮ್ಮಡಿಯ ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಒಳಗೆ ಕಾಲಿಡುವುದಿಲ್ಲ ಎಂದು ಮಾತುಕೊಟ್ಟೆ. ಡೆಬ್ಬಿ ಹೊಸ ಸೇಬು ಜೋಡಿಸುತ್ತ ನನ್ನನ್ನು ಕಿಟಕಿಯಿಂದ ನೋಡಿದಳು. ತೋಟದ ಸಾಮಾನೆಂದು ಲೆಕ್ಕ ಹಾಕಿಕೊಂಡಿರಬೇಕು, ಸುಮ್ಮನಾದಳು.

ಮೊದಲ ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ಮಳೆ ಬಂತು. ಮುಖ್ಯರಸ್ತೆಯಲ್ಲಿ ನೆಟ್ಟಿದ್ದ ಬೋರ್ಡು ಬಿದ್ದಿರಬಹುದೆಂದು ಡೆಬ್ಬಿ ಕಾರು ತೆಗೆದುಕೊಂಡು ಹೋದಳು. ನಾನು ನೆನೆಯುತ್ತ ಕೂರಲಾರದೆ ಅಡುಗೆಮನೆಯ ಬಾಗಿಲಿಂದ ಒಳಗೆ ಬಂದೆ. ಅಷ್ಟರಲ್ಲಿ ಮುಂಬಾಗಿಲ ಗಂಟೆ ಬಾರಿಸಿತು.

ತೆರೆದರೆ ಗಂಡ ಹೆಂಡತಿ, ಐವತ್ತರ ಆಸುಪಾಸು, ತಲೆಯಿಂದ ನೀರು ಸೋರುತ್ತಿದೆ. ನಾನೇನು ಮಾಡಬೇಕಿತ್ತು? ಬಾಗಿಲಲ್ಲಿ ನೆನೆದು ನಿಂತವರಿಗೆ, ಮನೆಯವರಿಲ್ಲ ಎಂದು ಬಾಗಿಲು ಹಾಕಲೇ? ಒಳಗೆ ಕರೆದೆ. ರಿಬ್ಬನ್ ಬಿಚ್ಚಿ ಟವೆಲ್ ಕೊಟ್ಟೆ. ಕೂರಿಸಿದೆ. ಕಾಫಿಗಿಟ್ಟೆ. ಬರಿ ಕಾಫಿ ಹೇಗೆ ಕೊಡುವುದು? ನನ್ನ ಸೂಟ್‌ಕೇಸಿನಲ್ಲಿ ಮೈಸೂರಿನಿಂದ ತಂದ ಅವಲಕ್ಕಿ ಇತ್ತು. ಎಣ್ಣೆ ಕಾಯಿಸಿ, ಸಾಸಿವೆ, ಒಣಮೆಣಸಿನಕಾಯಿ, ಇಂಗು ಹಾಕಿದ್ದೇ ತಡ, ಸೂರಿನಲ್ಲಿದ್ದ ಹೊಗೆಯ ಅಲಾರಂ ಬಡಿದುಕೊಳ್ಳಲು ಶುರುಮಾಡಿತು. ಗಂಡ ಎತ್ತರದ ಆಸಾಮಿ, ಕುರ್ಚಿ ಹತ್ತಿ ಅದನ್ನು ಸುಮ್ಮನಾಗಿಸಿದ. ಕೆಮ್ಮುತ್ತ ಮೂವರೂ ನಕ್ಕೆವು.

ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಈ ಮನೆಯ ಹಿಸ್ಟರಿ ಏನು ಎಂದು ಹೆಂಡತಿ ಕೇಳಿದಳು. ಮೂವತ್ತು ವರ್ಷ ಇತಿಹಾಸ ಹೇಳಿದವಳನ್ನು ಹಾಗೆಲ್ಲ ಕೇಳಬಾರದು. ರಾಜನ ತಮ್ಮನಿಂದ ಹಿಡಿದೆ. ಸಾಹೇಬರು ಸೆರೆಮನೆಗೆ ಹೋಗುವ ಹೊತ್ತಿಗೆ ಎರಡನೇ ಕಾಫಿ ಆಗಿತ್ತು. ಆಗ ಗಂಡ ಕೇಳಿದ, ಇಷ್ಟು ಒಳ್ಳೆಯ ಮನೆಯನ್ನು ಇವರು ಯಾಕೆ ಮಾರುತ್ತಿದ್ದಾರೆ?

ಹೇಳಿದೆ. ಆಫೀಸು ಮುಚ್ಚಿದ್ದು, ಒಹಾಯೊ, ಜೂನ್ ಮೊದಲ ವಾರ, ಎಲ್ಲ. ನಮ್ಮ ಕಡೆ ಮನೆ ಮಾರುವವರು ಕಾರಣ ಹೇಳದಿದ್ದರೆ ಆ ಮನೆಯಲ್ಲಿ ದೆವ್ವವಿದೆ, ಇಲ್ಲ ವಾಸ್ತು ಕೆಟ್ಟಿದೆ, ಇಲ್ಲ ಯಾರೋ ನೇಣು ಹಾಕಿಕೊಂಡಿದ್ದಾರೆ ಅನ್ನುತ್ತಾರೆ. ಕಾರಣ ಹೇಳಿದರೇ ಮನೆಗೆ ಬೆಲೆ. ಪಾಪ, ಒಳ್ಳೆಯ ಜನ, ಕಷ್ಟಕ್ಕೆ ಮಾರುತ್ತಿದ್ದಾರೆ, ಮನೆ ಚೊಕ್ಕವಾಗಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಗಂಡ ತಲೆಯಾಡಿಸುತ್ತ ಸೂರು, ಕಿಟಕಿ ಎಲ್ಲ ಇನ್ನೊಮ್ಮೆ ನೋಡಿದ.

ಡೆಬ್ಬಿ ಬಾಗಿಲಲ್ಲಿ ಬಂದು ನಿಂತಾಗ ನಾನು ಅವರಿಗೆ ಮೂರನೇ ಸಲ ಬಡಿಸುತ್ತಿದ್ದೆ. ಅವಳ ಮುಖ ನೋಡಿ, ಅವಳಿಗೂ ಒಂದು ತಟ್ಟೆ ಹಾಕಿದೆ.

ಮಂಗಳವಾರ

ದಂಪತಿಗಳ ಕಡೆಯಿಂದ ಆಫರ್ ಬಂತು. ರಫೀಕ್ ಫೋನಿನಲ್ಲಿ ಕೇಳಿಸಿಕೊಂಡು, "ಪರ್ಡನ್?" ಅಂದ. ಇನ್ನೊಮ್ಮೆ ಕೇಳಿಸಿಕೊಂಡು ಫೋನ್ ಇಟ್ಟ. ಇವರು ಇಟ್ಟಿದ್ದ ಬೆಲೆಯ ಅರ್ಧಕ್ಕೆ ಸ್ವಲ್ಪ ಮೇಲೆ. ಮನೆ ತುಂಬಾ ಹಿಡಿಸಿದೆಯಂತೆ, ಆದರೆ ತಮಗೇನೂ ಅವಸರವಿಲ್ಲವಂತೆ, ಜೂನ್‌ವರೆಗೂ ಕಾಯುತ್ತಾರಂತೆ. ಈ ವ್ಯಾಪಾರದಲ್ಲಿ ಹೇಳಲೇಬಾರದ ಎರಡೇ ಎರಡು ಮಾತುಗಳಿದ್ದವು, ಯಾಕೆ ಮತ್ತು ಯಾವಾಗ. ಎರಡನ್ನೂ ನಾನು ಅವಲಕ್ಕಿಯ ಜೊತೆ ಬಡಿಸಿದ್ದೆ.

ಫರ್ಹಾನಾ ಕರ್ಟನ್‌ಗಳನ್ನು ಇಳಿಸಿ ಒಗೆಯಲು ಹಾಕುತ್ತಿದ್ದಳು. ಹತ್ತಿರ ಹೋಗಿ, "ನನ್ನಿಂದ ಆಯ್ತಲ್ಲೇ" ಅಂದೆ.

"ಬಿಡಿ ಮೇಡಂ. ನಾನಿದ್ರೂ ಕೂರಿಸಿ ಕಾಫಿ ಕೊಡ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನನ್ನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬಂದ ಮನೆಗೆ ಕೇಡು ತಂದೆನಲ್ಲ ಎಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಾಯಿಸುತ್ತೇನೆ ಅಂದೆ. ಅದಕ್ಕೆ ಮಾತ್ರ ಅವಳು ರೇಗಿದಳು. "ಸುಮ್ನಿರಿ ಮೇಡಂ, ಈಗ ನೀವೂ ಹೊರಡಬೇಡಿ."

ಕೊನೆಯ ವಾರ

ಆ ಆಫರ್ ಒಪ್ಪದೆ ಮತ್ತೆರಡು ಭಾನುವಾರ ಬಾಗಿಲು ತೆರೆದಿಟ್ಟರೂ ಯಾರೂ ಗಂಟೆ ಬಾರಿಸಲಿಲ್ಲ. ಮೇ ತಿಂಗಳ ನಡುವೆ ಡೆಬ್ಬಿ ಇನ್ನೊಂದು ಆಫರ್ ತಂದಳು. ದಂಪತಿಗಳದ್ದಕ್ಕಿಂತ ಮೇಲು, ಬ್ಯಾಂಕಿನ ಕೈಗೆ ಹೋಗುವುದು ತಪ್ಪುವಷ್ಟು, ಅದಕ್ಕಿಂತ ಹೆಚ್ಚೇನಿಲ್ಲ. ಕೊಳ್ಳುವವನು ಅರಿಜೋನಾದಲ್ಲಿದ್ದ. ಬಿದ್ದ ಬೆಲೆಗೆ ಸಿಗುವ ಮನೆಗಳನ್ನು ಕಂಪ್ಯೂಟರ್‌ನಲ್ಲಿ ನೋಡಿ ಕೊಂಡು ಬಾಡಿಗೆಗೆ ಬಿಡುತ್ತಾನಂತೆ. ಈ ತಿಂಗಳು ಇದು ಎಷ್ಟನೆಯದೋ ಅವನಿಗೇ ನೆನಪಿರಲಿಲ್ಲವಂತೆ.

"ನೋಡೋಕೆ ಯಾವಾಗ ಬರ್ತಾರೆ?" ಫರ್ಹಾನಾ ಕೇಳಿದಳು.

ಬರುವುದಿಲ್ಲ, ಅದರ ಅಗತ್ಯವಿಲ್ಲ, ನಿಮಗೂ ಒಳ್ಳೆಯದೇ ಆಯಿತಲ್ಲ ಅಂದಳು ಡೆಬ್ಬಿ. ಸಹಿಯ ಕಾಗದಗಳನ್ನು ಮೇಜಿನ ಮೇಲಿಟ್ಟು, ಸಂಜೆ ಬರುತ್ತೇನೆಂದು ಹೋದಳು. ರಫೀಕ್ ತನ್ನ ಸಹಿ ಹಾಕಿ, ಝೋಯಾಳನ್ನು ಸ್ಕೂಲಿಂದ ಕರೆತರಲು ಹೊರಟ.

ಫರ್ಹಾನಾ ಪೆನ್ನು ಹಿಡಿದಳು, ಕೆಳಗಿಟ್ಟಳು. "ಬನ್ನಿ ಮೇಡಂ," ಎಂದು ಎದ್ದಳು. ನನ್ನನ್ನು ಮನೆಯೆಲ್ಲ ಸುತ್ತಿಸಿದಳು. "ಈ ಕಿಟಕಿ ಚಳಿಗಾಲದಲ್ಲಿ ಹಿಡ್ಕೊಳತ್ತೆ, ಮೇಲಕ್ಕೆತ್ತಿ ಆಮೇಲೆ ತಳ್ಳಬೇಕು. ಈ ಬಚ್ಚಲಲ್ಲಿ ಬಿಸಿನೀರು ಬರೋಕೆ ಸ್ವಲ್ಪ ಹೊತ್ತಾಗತ್ತೆ, ಕೆಟ್ಟಿದೆ ಅಂದ್ಕೋಬಾರ್ದು. ಇಲ್ಲಿ ಬೆಳಿಗ್ಗೆ ಬಿಸಿಲು ಬರತ್ತೆ, ಅಮ್ಮಿ ಬಂದಾಗ ಇಲ್ಲೇ ನಮಾಜ್ ಮಾಡ್ತಿದ್ರು. ಈ ಟೈಲ್ಸ್ ನಾನೇ ಆರಿಸಿದ್ದು, ಕಂಟ್ರ್ಯಾಕ್ಟರ್ ಜೊತೆ ಜಗಳ ಆಡಿ. ನಮ್ಮ ಖಾನ್ದಾನ್‌ನಲ್ಲಿ ಬಾಡಿಗೆ ಅಲ್ಲದ ಮನೆ ಇದೇ ಮೊದಲು ಮೇಡಂ." ಕೊಳ್ಳುವವನಿಗೆ ಹೇಳಬೇಕಾದ್ದನ್ನೆಲ್ಲ ಒಂದೂ ಬಿಡದೆ ನನಗೆ ಹೇಳಿದಳು. ನಾನು ಕೊಳ್ಳುವವಳ ಹಾಗೆ ಪ್ರತಿ ಕೋಣೆಯಲ್ಲೂ ನಿಂತು, ಕಿಟಕಿ ಎತ್ತಿ ತಳ್ಳಿ, ನಲ್ಲಿ ತಿರುಗಿಸಿ, ಬಿಸಿನೀರು ಬರುವವರೆಗೆ ಕೈಯೊಡ್ಡಿ ಕಾದೆ.

ಮತ್ತೆ ಮೇಜಿಗೆ ಬಂದು ಕೂತೆವು. ಅವಳು ಕಾಗದಗಳನ್ನು ಹತ್ತಿರ ಎಳೆದುಕೊಂಡಳು.

"ಮೇಡಂ, ಲಾರ್ಡ್ ಸಾಹೇಬರು ಜರ್ಸಿ ಬರ್ಕೊಟ್ಟಾಗ ಅತ್ತಿದ್ರಾ?"

"ಅಳೋಕೆ ಅವನು ನೋಡಿದ್ದರೆ ತಾನೇ?"

"ಪುಣ್ಯವಂತ," ಅಂದಳು ಫರ್ಹಾನಾ. ಸಹಿ ಹಾಕಿದಳು.